ಇಶಾ ನಮಾಝಿನ ನಂತರದ ನಗು

ಹಗಲು ಹೊತ್ತಿನಲ್ಲಿ ನನ್ನ ಅಬ್ಬಾ ಬಹಳ ಗಂಭೀರ ಮನುಷ್ಯ. ಹಿರೇಕೊಟ್ನೆಕಲ್ಲಿನಲ್ಲಿ ಮಾಸ್ತರರಾಗಿದ್ದ ಅವರ ಎದುರು ಹುಡುಗರು ಕೆಮ್ಮಲಿಕ್ಕೂ ಹೆದರುತ್ತಿದ್ದರು. ಇಶಾ ನಮಾಝ್ ಮುಗಿದು, ಊಟವಾಗಿ, ಅಂಗಳದಲ್ಲಿ ಹೊರಸು ಹಾಕಿದ ಮೇಲೆ ಮಾತ್ರ ಅವರು ಬೇರೆಯೇ ಆಗಿಬಿಡುತ್ತಿದ್ದರು. ಅಮ್ಮಿಯ ಹಳೆಯ ಓಢ್ನಿಯನ್ನು ತಲೆಗೆ ಹೊದ್ದು, ಒಂದು ಕೈ ಸೊಂಟದ ಮೇಲಿಟ್ಟು ನಿಂತರೆ ಅತ್ತೆ. ಅದೇ ಓಢ್ನಿಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಮುಖ ಓರೆ ಮಾಡಿದರೆ ಸೊಸೆ. ಕಂದೀಲಿನ ಬೆಳಕಿನಲ್ಲಿ ಅವರೊಬ್ಬರ ನೆರಳೇ ಗೋಡೆಯ ಮೇಲೆ ಇಬ್ಬರಾಗಿ ಜಗಳವಾಡುತ್ತಿತ್ತು. ನಮ್ಮ ದಾದಿ ಬಾಯಿಯಲ್ಲಿದ್ದ ಎಲೆಯಡಿಕೆಯನ್ನು ಉಗುಳಲೂ ಆಗದೆ, ನುಂಗಲೂ ಆಗದೆ ಒದ್ದಾಡುತ್ತಿದ್ದರು.

ಪಕ್ಕದ ಮನೆಯ ಗೌಡರು ಬಂದು ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದರು: “ಏನ್ರಿ ಮಾಸ್ತರ, ಇವತ್ತು ಅತ್ತಿ-ಸೊಸಿ ಜಗಳ ಐತೇನ್ರಿ?” ಅಬ್ಬಾ ಆಡುತ್ತಿದ್ದ ಮಾತು ಅವರಿಗೆ ಪೂರ್ತಿ ತಿಳಿಯುತ್ತಿರಲಿಲ್ಲ. ಆದರೂ ನಗಬೇಕಾದ ಜಾಗದಲ್ಲೇ ನಗುತ್ತಿದ್ದರು. ಅತ್ತೆ-ಸೊಸೆ ಅವರ ಮನೆಯಲ್ಲೂ ಇದ್ದರಲ್ಲ!

ಈ ಜಗಳ ಅಬ್ಬಾ ಕಟ್ಟಿದ್ದಲ್ಲ. ಅದು ಸುಲೈಮಾನ್ ಖತೀಬರ ‘ಸಾಸ್ ಬಹೂ’ ಎಂಬ ದಖ್ಖನಿ ಕವಿತೆ. ಬೀದರ್ ಜಿಲ್ಲೆಯ ಚಿಟಗುಪ್ಪದಲ್ಲಿ 1922ರಲ್ಲಿ ಹುಟ್ಟಿದ ಖತೀಬರು ಕಲಬುರ್ಗಿಯಲ್ಲಿ ನೀರು ಸರಬರಾಜು ಇಲಾಖೆಯ ನೌಕರಿಯಲ್ಲಿದ್ದವರು. ನಲ್ಲಿಯ ಹತ್ತಿರ ನಿಂತ ಹೆಂಗಸರು ಏನು ಮಾತಾಡುತ್ತಾರೆಂದು ಅವರಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರಬೇಕು ಎಂದು ಅಬ್ಬಾ ತಮಾಷೆ ಮಾಡುತ್ತಿದ್ದರು. ಹೆಂಗಸರ ಬಾಯಿನ ಗಾದೆ, ಹಂಗಿಸುವ ರೀತಿ, ಶಾಪ, ಮುದ್ದು ಎಲ್ಲವೂ ಅವರ ಕವಿತೆಯಲ್ಲಿ ಹಾಗೆಯೇ ಬರುತ್ತವೆ. ಅವರ ಸಂಕಲನದ ಹೆಸರು ‘ಕೇವ್ಡೆ ಕಾ ಬನ್’, ಅಂದರೆ ಕೇದಗೆಯ ಬನ. ಕೇದಗೆಗೆ ಪರಿಮಳವೂ ಉಂಟು, ಮುಳ್ಳೂ ಉಂಟು.

ಅಬ್ಬಾ ಇದನ್ನೆಲ್ಲ ತಂದದ್ದು ಹೈದರಾಬಾದಿನಿಂದ. ನಮ್ಮ ರಾಯಚೂರು 1948ರವರೆಗೆ ನಿಜಾಮರ ರಾಜ್ಯದಲ್ಲಿತ್ತು. ಅಬ್ಬಾ ಓದಿದ್ದು ಉರ್ದುವಿನಲ್ಲಿ, ಸಂಬಂಧಿಕರಲ್ಲಿ ಅರ್ಧ ಜನ ಆ ಕಡೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ನಾವು ಮೈಸೂರಿಗೆ ಸೇರಿದೆವು, ಅವರು ಆಂಧ್ರಕ್ಕೆ ಸೇರಿದರು. ಆದರೂ ವರ್ಷಕ್ಕೆ ಒಂದೆರಡು ಸಲ ಅಬ್ಬಾ ಮಾನ್ವಿಗೆ ಹೋಗಿ, ಅಲ್ಲಿಂದ ರಾಯಚೂರಿಗೆ, ಅಲ್ಲಿಂದ ಕೃಷ್ಣೆಯನ್ನು ದಾಟಿ ಹೈದರಾಬಾದಿಗೆ ಹೊರಡುತ್ತಿದ್ದರು. ಅಮ್ಮಿ ಬಳೆ ತರಲು ಹೇಳಿ ಕಳಿಸುತ್ತಿದ್ದಳು. ಬಳೆ ಒಮ್ಮೊಮ್ಮೆ ಮರೆತುಹೋಗುತ್ತಿತ್ತು. ಕವಿತೆ ಮರೆಯುತ್ತಿರಲಿಲ್ಲ.

ಆ ಹೈದರಾಬಾದಿನಲ್ಲಿ 1962ರಲ್ಲಿ ‘ಜಿಂದಾ ದಿಲಾನೆ ಹೈದರಾಬಾದ್’ ಎಂಬ ಸಂಸ್ಥೆ ಹುಟ್ಟಿತ್ತು. ನಗಿಸುವುದೇ ಅದರ ಕೆಲಸ. ಹಾಸ್ಯ ಮುಶಾಯಿರಾಗಳನ್ನು ಏರ್ಪಡಿಸುವುದು, ಹಾಸ್ಯ ಬರೆಯುವವರನ್ನು ಒಂದೆಡೆ ಸೇರಿಸುವುದು. ಅದೇ 1962ರಲ್ಲಿ ನಮ್ಮ ಕಲಬುರ್ಗಿ ಜಿಲ್ಲೆಯ ಮುಜ್ತಬಾ ಹುಸೈನರು ‘ಸಿಯಾಸತ್’ ಪತ್ರಿಕೆಯಲ್ಲಿ ಹಾಸ್ಯ ಅಂಕಣ ಬರೆಯಲು ತೊಡಗಿದರು. 2007ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2020ರ ಮೇ ತಿಂಗಳಲ್ಲಿ ಅವರು ನಮ್ಮನ್ನಗಲಿದರು. 1968ರಲ್ಲಿ ಮುಸ್ತಫಾ ಕಮಾಲರ ಸಂಪಾದಕತ್ವದಲ್ಲಿ ‘ಶಗೂಫಾ’ ಎಂಬ ಹಾಸ್ಯ ಮಾಸಪತ್ರಿಕೆ ಶುರುವಾಯಿತು. ಅದರ ಹಳೆಯ ಸಂಚಿಕೆಗಳು ನಮ್ಮ ಮನೆಯ ಟ್ರಂಕಿನಲ್ಲಿ ಅಬ್ಬಾರ ಶೇರ್ವಾನಿಯ ಕೆಳಗೆ ಇರುತ್ತಿದ್ದವು.

ನನಗನಿಸುವುದು, ಆ ನಗು ಸುಮ್ಮನೆ ಹುಟ್ಟಿದ್ದಲ್ಲ. 1948ರ ಸೆಪ್ಟೆಂಬರಿನ ನಂತರ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಹಿರಿಯರು ಮಾತನ್ನೇ ಕಡಿಮೆ ಮಾಡಿದ್ದರು. ಕೆಲವರ ನೌಕರಿ ಹೋಗಿತ್ತು, ಕೆಲವರ ಮಂದಿಯೇ ಹೋಗಿದ್ದರು. ಕಚೇರಿಯಲ್ಲಿ ನಡೆಯುತ್ತಿದ್ದ ಭಾಷೆ ನೋಡನೋಡುತ್ತಲೇ ಮನೆಯ ಭಾಷೆಯಾಗಿ ಉಳಿಯಿತು. ಹದಿನಾಲ್ಕು ವರ್ಷಗಳ ನಂತರ ಅದೇ ಜನ ರಾತ್ರಿಯೆಲ್ಲ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು ಎಂದರೆ ಅದನ್ನು ಬರೀ ಕಾಲಹರಣ ಎನ್ನಲು ನನಗೆ ಮನಸ್ಸಾಗುವುದಿಲ್ಲ.

ಅಬ್ಬಾ ಹೇಳುತ್ತಿದ್ದ ಪ್ರಕಾರ ಹಾಸ್ಯ ಮುಶಾಯಿರಾ ಶುರುವಾಗುತ್ತಿದ್ದದ್ದು ಇಶಾದ ನಂತರ. ಹತ್ತು ಗಂಟೆಗೆ ಹೊಸಬರು. ಅವರನ್ನು ಸಭೆ ಸತಾಯಿಸುತ್ತಿತ್ತು. ಒಂದು ಸಾಲು ಸಪ್ಪೆಯಾದರೂ ಹಿಂದಿನಿಂದ ಯಾರೋ ಕೂಗಿ ಅದಕ್ಕಿಂತ ಚೆನ್ನಾಗಿರುವ ಸಾಲು ಸೇರಿಸುತ್ತಿದ್ದರು. ನಡುನಡುವೆ ಕಾರ್ಯಕ್ರಮ ನಡೆಸುವವರ ಚುಟುಕು ಮಾತು. ದೊಡ್ಡ ಕವಿಗಳು ಬರುವ ಹೊತ್ತಿಗೆ ರಾತ್ರಿ ಒಂದೋ ಎರಡೋ ಗಂಟೆ. ಒಳ್ಳೆಯ ಸಾಲು ಬಂತೋ, “ಮುಕರ್ರರ್! ಮುಕರ್ರರ್!” ಎಂದು ಸಭೆ ಅದನ್ನೇ ಮತ್ತೆ ಹೇಳಿಸುತ್ತಿತ್ತು. ಚಹಾ ಅಂಗಡಿಯವರು ಆ ರಾತ್ರಿ ಮಲಗುತ್ತಿರಲಿಲ್ಲ. ಫಜ್ರ್‌ನ ಅಝಾನ್ ಆಗುವ ಮುಂಚೆ ಜನ ಮನೆ ಸೇರುತ್ತಿದ್ದರು.

ಕವಿಗಳ ಹೆಸರುಗಳೇ ನಮಗೆ ಮಕ್ಕಳಿಗೆ ಒಂದು ಆಟ. ಒಬ್ಬರು ಸರ್ವರ್ ಡಂಡಾ, ಅಂದರೆ ದೊಣ್ಣೆ. ಒಬ್ಬರು ಗಿಲ್ಲಿ ನಲ್ಗೊಂಡವಿ, ನಲ್ಗೊಂಡದ ಚಿಣ್ಣಿ. ದೊಣ್ಣೆ ಇದ್ದ ಮೇಲೆ ಚಿಣ್ಣಿ ಬೇಡವೇ? ಆದಿಲಾಬಾದಿನವರೊಬ್ಬರು ತಮ್ಮನ್ನು ತಾವೇ ಪಾಗಲ್ ಎಂದು ಕರೆದುಕೊಂಡಿದ್ದರು. ಗೌಸ್ ಸಾಹೇಬರು ‘ಖಾಮಖಾ’, ಸುಮ್ಮಸುಮ್ಮನೆ. ನಮ್ಮ ತಮ್ಮ ಶಾಲೆಗೆ ಹೋಗಲು ಹಟ ಮಾಡಿದ ದಿನ ದಾದಿ ಅವನಿಗೆ ‘ಬಹಾನಾ ಕೊಟ್ನೆಕಲ್ವಿ’ ಎಂದು ಬಿರುದು ಕೊಟ್ಟಿದ್ದರು. ಇಂದಿಗೂ ನಾವು ಅವನನ್ನು ಹಾಗೆಯೇ ಕರೆಯುತ್ತೇವೆ.

ಇಲ್ಲಿ ನಮ್ಮ ಭಾಷೆಯ ಬಗ್ಗೆ ಸ್ವಲ್ಪ ಹೇಳಬೇಕು. ನಾವು ಮನೆಯಲ್ಲಿ ಆಡುವುದನ್ನು ಕೇಳಿ ಲಕ್ನೋ, ದಿಲ್ಲಿಯವರು ಮುಖ ಸಿಂಡರಿಸುತ್ತಾರೆ. ‘ನಕ್ಕೊ’ ಅನ್ನುತ್ತೇವೆ, ‘ಕೈಕು’ ಅನ್ನುತ್ತೇವೆ. “ಆತೂಂ ಬೋಲ್ಕೆ ಬೋಲ್ಯಾ” ಎಂದರೆ ಅವರಿಗೆ ವ್ಯಾಕರಣವೇ ತಪ್ಪು. ಅದನ್ನೇ ಕನ್ನಡದಲ್ಲಿ “ಬರ್ತೀನಿ ಅಂತ ಹೇಳ್ದ” ಎಂದು ನೋಡಿ. ನಮ್ಮ ‘ಬೋಲ್ಕೆ’ ಕನ್ನಡದ ‘ಅಂತ’ವೇ! ನೂರಾರು ವರ್ಷ ಕನ್ನಡ, ತೆಲುಗು, ಮರಾಠಿಗಳ ಜೊತೆ ಒಂದೇ ಅಂಗಳದಲ್ಲಿ ಬೆಳೆದ ಮಾತು ಇದು. ಗೌಡರಿಗೆ ಅರ್ಧ ತಿಳಿಯುತ್ತಿದ್ದದ್ದು ಅದಕ್ಕೇ. ಉಳಿದ ಅರ್ಧವನ್ನು ಅಬ್ಬಾ ಅಲ್ಲಲ್ಲಿ ಕನ್ನಡದ ಬೈಗುಳ ಹಾಕಿ ತುಂಬಿಸುತ್ತಿದ್ದರು. ಆಗ ಅತ್ತೆ ದಖ್ಖನಿಯಲ್ಲಿ ಬೈದರೆ ಸೊಸೆ ಮಾನ್ವಿ ಕಡೆಯ ಕನ್ನಡದಲ್ಲಿ ತಿರುಗಿ ಕೊಡುತ್ತಿದ್ದಳು.

ಈ ಭಾಷೆಗೆ ಸಿನಿಮಾದಲ್ಲಿ ಸಿಕ್ಕ ಜಾಗ ಯಾವುದು? 1965ರ ‘ಗುಮ್ನಾಮ್’ ಹಿಂದಿ ಚಿತ್ರದಲ್ಲಿ ಮೆಹಮೂದ್ ಹೈದರಾಬಾದಿ ಮಾತಾಡಿ ದೇಶವನ್ನೇ ನಗಿಸಿದರು. ಪಾತ್ರ ಮನೆಯ ಆಳಿನದು. ಅದೇ 1965ರಲ್ಲಿ ಹೈದರಾಬಾದಿನ ರಂಗದ ಮೇಲೆ ಬಬ್ಬನ್ ಖಾನ್ ‘ಅದ್ರಕ್ ಕೆ ಪಂಜೆ’ ನಾಟಕ ಶುರು ಮಾಡಿದರು. ಶುಂಠಿಯ ಗೆಡ್ಡೆಯಲ್ಲಿ ಬೆರಳುಗಳು ಕವಲೊಡೆದಂತೆ ಮಕ್ಕಳು ಹೆಚ್ಚುತ್ತ ಹೋದ ಬಡವನ ಮನೆಯ ಕಥೆ. 2001ರವರೆಗೆ, ಅಂದರೆ ಮೂವತ್ತಾರು ವರ್ಷ, ದೇಶವಿದೇಶಗಳಲ್ಲಿ ಅದು ನಡೆಯಿತು, ಗಿನ್ನೆಸ್ ದಾಖಲೆಯನ್ನೂ ಸೇರಿತು. ಸಿನಿಮಾದಲ್ಲಿ ಆಳಿನ ಬಾಯಲ್ಲಿದ್ದ ಮಾತು ಇಲ್ಲಿ ಮನೆಯ ಯಜಮಾನನ ಬಾಯಲ್ಲಿತ್ತು. ಸಿನಿಮಾದಲ್ಲಿ ನಮ್ಮನ್ನು ನೋಡಿ ಬೇರೆಯವರು ನಕ್ಕರು. ಮುಶಾಯಿರಾದಲ್ಲಿ, ನಾಟಕದಲ್ಲಿ ನಾವೇ ನಮ್ಮನ್ನು ನೋಡಿ ನಕ್ಕೆವು. 2005ರ ‘ದಿ ಅಂಗ್ರೇಜ್’ ಬಂದ ಮೇಲೆ ಈ ಎರಡೂ ಕಲಸಿಹೋದವು. ಈಗ ಮೊಬೈಲಿನಲ್ಲಿ ಬರುವ ತುಣುಕುಗಳಲ್ಲಂತೂ ‘ನಕ್ಕೊ’ ಎಂದರೆ ಸಾಕು, ಅದೇ ಹಾಸ್ಯ. ಖತೀಬರು ಒಂದು ‘ನಕ್ಕೊ’ ಹೇಳಬೇಕಾದರೆ ಅದರ ಹಿಂದೆ ಒಂದು ಸಂಸಾರವನ್ನೇ ನಿಲ್ಲಿಸುತ್ತಿದ್ದರು.

1978ರ ಅಕ್ಟೋಬರಿನಲ್ಲಿ ಖತೀಬರು ತೀರಿಕೊಂಡರು. ನಾನಾಗ ಆರನೇ ತರಗತಿಯಲ್ಲಿದ್ದೆ. ಅಬ್ಬಾ ಪತ್ರಿಕೆ ಮಡಚಿ ಇಟ್ಟು, ಇನ್ನಾ ಲಿಲ್ಲಾಹಿ ಹೇಳಿ, ಆ ರಾತ್ರಿ ಹೊರಸಿನ ಮೇಲೆ ಸುಮ್ಮನೆ ಮಲಗಿದ್ದರು. ಗೌಡರೂ ಬಂದು ಸ್ವಲ್ಪ ಹೊತ್ತು ಕೂತು ಎದ್ದು ಹೋದರು.

ಅಲ್ಲಿಯವರೆಗೆ ನಮ್ಮ ಮನೆಯ ಹೆಂಗಸರು ಯಾರೂ ಖತೀಬರ ದನಿ ಕೇಳಿದವರಲ್ಲ. ಮುಶಾಯಿರಾಗಳಿಗೆ ಹೋಗುತ್ತಿದ್ದವರು ಗಂಡಸರು. ಹೆಂಗಸರ ಮಾತು, ಹೆಂಗಸರ ಜಗಳ, ಕೇಳಿ ನಗುವವರು ಗಂಡಸರು! 1980ರ ನಂತರ ಮಾಮು ಸೌದಿಯಿಂದ ಟೇಪ್ ರೆಕಾರ್ಡರ್ ತಂದಾಗ ಇದು ಬದಲಾಯಿತು. ಯಾರದೋ ಕ್ಯಾಸೆಟ್ಟಿನಿಂದ ಇನ್ಯಾರೋ ಇಳಿಸಿಕೊಂಡ ಕ್ಯಾಸೆಟ್ಟು, ಅರ್ಧ ಗರಗರ ಸದ್ದು. ಓಣಿಯ ಹೆಂಗಸರೆಲ್ಲ ಬಂದು ಕೂತರು. ಪೂರ್ತಿ ಕೇಳಿದ ಮೇಲೆ ದಾದಿ ತೀರ್ಪು ಕೊಟ್ಟರು: “ಚೆನ್ನಾಗಿದೆ. ಆದರೆ ನನ್ನ ಮಗ ಇದಕ್ಕಿಂತ ಚೆನ್ನಾಗಿ ಮಾಡ್ತಾನೆ.”

ಆ ಕ್ಯಾಸೆಟ್ಟಿನ ಇನ್ನೊಂದು ಬದಿಯಲ್ಲಿ ‘ಛೋರಾ ಛೋರಿ’ ಇತ್ತು. ಗಂಡಿನ ಕಡೆಯವರು ಬೀಗತನಕ್ಕೆ ಬಂದು ತಮ್ಮ ಹುಡುಗನನ್ನು ಹೊಗಳುತ್ತ, ಏನೇನು ಬೇಕು ಎಂದು ಒಂದೊಂದಾಗಿ ಬಿಚ್ಚುವ ಕವಿತೆ ಅದು. ಮೊದಲ ಭಾಗ ಕೇಳುತ್ತ ನಗದವರಿಲ್ಲ. ಎರಡನೆಯ ಭಾಗದಲ್ಲಿ ಹೆಣ್ಣಿನ ಕಡೆಯ ಮಾತು ಬರುತ್ತದೆ. ಅಲ್ಲಿ ದನಿಯೇ ಬೇರೆ. ಈಗಷ್ಟೇ ನಕ್ಕವರು ಅಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ.

1984ರಲ್ಲಿ ಆಪಾಳಿಗೆ ಸಂಬಂಧ ಬಂತು. ಜೀಪಿನಲ್ಲಿ ಎಂಟು ಜನ ಬಂದರು. ಗಂಡಸರು ಪಡಸಾಲೆಯಲ್ಲಿ, ಹೆಂಗಸರು ಒಳಗೆ, ನಡುವೆ ಒಂದು ಪರದೆ. ಚಹಾ, ಖಾರಾ, ಮಿಠಾಯಿ ಆಯಿತು. “ನಮಗೇನೂ ಬೇಡ, ಅಲ್ಲಾಹ್ ಬೇಕಾದಷ್ಟು ಕೊಟ್ಟಿದ್ದಾನೆ” ಎಂದು ಹುಡುಗನ ದೊಡ್ಡಪ್ಪ ಶುರು ಮಾಡಿದರು. ಆಮೇಲೆ ಒಂದೊಂದಾಗಿ ಬಂತು. ‘ಜೋಡೇ ಕಿ ರಖಂ’, ಅಂದರೆ ಹುಡುಗನ ಬಟ್ಟೆಯ ಹೆಸರಿನಲ್ಲಿ ಕೇಳುವ ವರದಕ್ಷಿಣೆ. ಮೋಟಾರ್ ಸೈಕಲ್. ಎಚ್‌ಎಂಟಿ ಗಡಿಯಾರ. ಒಳಗೆ ಹುಡುಗನ ತಾಯಿ ತಾಮ್ರದ ಹಂಡೆ, ಪಲಂಗ, ಅಲ್ಮಾರಿಗಳ ಲೆಕ್ಕ ಹೇಳುತ್ತಿದ್ದರು.

ಆಗ ದಾದಿ ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ಬದಿಗೆ ಸರಿಸಿ, ‘ಛೋರಾ ಛೋರಿ’ಯ ಗಂಡಿನ ಕಡೆಯ ಮಾತನ್ನು ಅದೇ ರಾಗದಲ್ಲಿ ಹೇಳಲು ತೊಡಗಿದರು. ನಮಗೆಲ್ಲ ಎದೆ ಧಸಕ್ಕೆಂದಿತು. ಮನೆಗೆ ಬಂದವರ ಮುಖಕ್ಕೇ ಹೇಳಿದಂತಾಯಿತಲ್ಲ! ಹುಡುಗನ ತಾಯಿ ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಮುಂದಿನ ಸಾಲನ್ನು ಅವರೇ ಹೇಳಿದರು! ಅವರಿಗೂ ಅದು ಬಾಯಿಪಾಠ. ಇಬ್ಬರೂ ಮುದುಕಿಯರು ಪೈಪೋಟಿಯ ಮೇಲೆ ಸಾಲು ಸಾಲಾಗಿ ಹೇಳುತ್ತ ಹೋದರು. ಒಳಗಿದ್ದ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಪರದೆಯ ಆಚೆಯಿಂದ ಗಂಡಸರ ನಗುವೂ ಕೇಳಿಸಿತು. ಮನೆಯಲ್ಲಿ ಅಷ್ಟು ದೊಡ್ಡ ನಗು ಎದ್ದದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಇನ್ನು ಕೆಲಸವಾಯಿತು, ರಖಮಿನ ಮಾತು ಇಲ್ಲಿಗೆ ಮುಗಿಯಿತು ಎಂದು ಹದಿನೇಳು ವರ್ಷದ ನಾನು ಅಂದುಕೊಂಡೆ.

ಹುಡುಗನ ದೊಡ್ಡಪ್ಪ ರುಮಾಲಿನಿಂದ ಕಣ್ಣೊರೆಸಿಕೊಂಡು ಹೇಳಿದರು: “ವಾಹ್, ಖತೀಬ್ ಸಾಹೇಬರಿಗೆ ಅಲ್ಲಾಹ್ ಜನ್ನತ್ ಕೊಡಲಿ. ಹಾಂ ಮಾಸ್ತರ್ ಸಾಬ್, ರಖಂ ಎಷ್ಟು ಅಂತ ಹೇಳಿದಿರಿ?”

ಒಂದು ರೂಪಾಯಿಯೂ ಕಡಿಮೆಯಾಗಲಿಲ್ಲ. ಅಬ್ಬಾ ಒಂದು ಎಕರೆ ಹೊಲ ಮಾರಿದರು. ನಿಕಾಹಿನ ದಿನ ಬರೆಸಿದ ಮಹರ್ ಆ ರಖಮಿನ ಹತ್ತನೆಯ ಒಂದು ಪಾಲೂ ಇರಲಿಲ್ಲ. ಕೊಡಬೇಕಾದವರು ಯಾರು, ಕೊಟ್ಟವರು ಯಾರು ಎಂದು ಈ ಪತ್ರಿಕೆಯ ಓದುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಭಾವ ಒಳ್ಳೆಯವರು, ಆಪಾಳನ್ನು ಚೆನ್ನಾಗಿ ನೋಡಿಕೊಂಡರು. ಆ ಅತ್ತೆಯೂ ಕೆಟ್ಟವರಲ್ಲ. ಕವಿತೆಯನ್ನು ಅಷ್ಟು ಪ್ರೀತಿಯಿಂದ ಬಾಯಿಪಾಠ ಮಾಡಿದ್ದವರು ಅದು ತಮ್ಮದೇ ಮಾತು ಎಂದು ಯಾಕೆ ಕೇಳಿಸಿಕೊಳ್ಳಲಿಲ್ಲವೋ! ಬಹುಶಃ ಕೇಳಿಸಿಕೊಂಡೇ ನಕ್ಕಿರಬೇಕು. ಅಂದು ಕವಿತೆಯ ಎರಡನೆಯ ಭಾಗವನ್ನು ಮಾತ್ರ ಯಾರೂ ಹೇಳಲಿಲ್ಲ. ದಾದಿಯೂ ಹೇಳಲಿಲ್ಲ.

ಆ ಮೇಲೆಯೂ ಅಬ್ಬಾ ಓಢ್ನಿ ಹೊದ್ದು ಅತ್ತೆಯಾದರು, ಸೊಸೆಯಾದರು. ಗೌಡರು ಒಮ್ಮೆ “ಮಾಸ್ತರ, ಆ ಬೀಗರದು ಹೇಳ್ರಿ” ಎಂದರು. ಅಬ್ಬಾ “ಗಂಟಲು ಸರಿ ಇಲ್ಲ ಗೌಡ್ರ” ಎಂದರು. ಮೂವರು ಹೆಣ್ಣುಮಕ್ಕಳ ಮದುವೆ ಮಾಡಿದ್ದ ಗೌಡರು ಮತ್ತೊಮ್ಮೆ ಕೇಳಲಿಲ್ಲ.

ಈಗ ಅಬ್ಬಾ ಇಲ್ಲ, ದಾದಿ ಇಲ್ಲ, ಗೌಡರೂ ಇಲ್ಲ. ಆಪಾ ಸಿಂಧನೂರಿನಲ್ಲಿದ್ದಾಳೆ, ತಾನೇ ಅತ್ತೆಯಾಗಿದ್ದಾಳೆ. ಮಗನ ಮದುವೆಗೆ ಏನೂ ಕೇಳಲಿಲ್ಲ, ಕೇಳಲು ಯಾರನ್ನೂ ಬಿಡಲಿಲ್ಲ. ಕಳೆದ ಈದಿನ ರಾತ್ರಿ ಎಲ್ಲರೂ ಸೇರಿದ್ದಾಗ ಸೊಸೆ ಮೊಬೈಲಿನಲ್ಲಿ ಖತೀಬರ ‘ಸಾಸ್ ಬಹೂ’ ಹುಡುಕಿ ಹಚ್ಚಿದಳು. ಅತ್ತೆ-ಸೊಸೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ನಕ್ಕರು. ನಡುವೆ ಆಪಾ ಎದ್ದು ನಿಂತು ಅಬ್ಬಾರಂತೆಯೇ ಸೊಂಟದ ಮೇಲೆ ಕೈಯಿಟ್ಟು ತೋರಿಸಿದಳು. ಮಕ್ಕಳಿಗೆ ತಮಾಷೆಯೋ ತಮಾಷೆ. ಅದು ಮುಗಿದ ಕೂಡಲೇ ಮುಂದಿನದು ತಾನಾಗಿಯೇ ಶುರುವಾಯಿತು, ‘ಛೋರಾ ಛೋರಿ’. ಆಪಾ ಕೈ ಚಾಚಿ ಮೊಬೈಲನ್ನು ತೆಗೆದುಕೊಂಡಳು.

“ಏ ನಕ್ಕೊ ಬೇಟಾ” ಎಂದಳು.