ಹೊತ್ತು ಮುಳುಗದ ನಾಡಿನ ಕಾಲುದಾರಿ

ಮಕ್ಕಳೇ, ಅಟ್ಲಾಸ್ ತೆರೆದರೆ ಭೂಮಿಯ ನೆತ್ತಿಯ ಸುತ್ತ ಒಂದು ಚುಕ್ಕೆಗೆರೆ ಕಾಣುತ್ತದೆ. ಅದೇ ಆರ್ಕ್ಟಿಕ್ ವೃತ್ತ. ಆ ಗೆರೆಯಿಂದಲೂ ಸುಮಾರು 200 ಕಿಲೋಮೀಟರ್ ಉತ್ತರಕ್ಕೆ, ಸ್ವೀಡನ್ ದೇಶದಲ್ಲಿ ಅಬಿಸ್ಕೋ ಎಂಬ ಪುಟ್ಟ ಊರಿದೆ. ಅಲ್ಲಿಂದ ದಕ್ಷಿಣದ ಹೇಮಾವನ್‌ವರೆಗೆ ಸುಮಾರು 440 ಕಿಲೋಮೀಟರ್ ಉದ್ದದ ಒಂದು ಕಾಲುದಾರಿ. ಅದರ ಹೆಸರು ಕುಂಗ್ಸ್‌ಲೇಡನ್, ಅಂದರೆ ರಾಜಮಾರ್ಗ. ಹೆಸರಿಗೆ ರಾಜಮಾರ್ಗವಾದರೂ ಅಲ್ಲಿರುವುದು ಕಲ್ಲು, ಕೆಸರು, ಹಳ್ಳ ಮತ್ತು ಬೇಸಿಗೆಯಲ್ಲೂ ಕರಗದ ಹಿಮ.

ಹೋದ ವರ್ಷ ಜುಲೈ ಮೊದಲ ವಾರ ಈ ದಾರಿಯ ಉತ್ತರ ತುದಿಗೆ ನಾವು ಮೂವರು ಹೋಗಿದ್ದೆವು: ಸ್ಟಾಕ್‌ಹೋಮಿನಲ್ಲಿ ಕೆಲಸ ಮಾಡುವ ನನ್ನ ಮಗ, 13 ವರ್ಷದ ಮೊಮ್ಮಗಳು ಮತ್ತು 73ರ ನಾನು. ಅಬಿಸ್ಕೋದಿಂದ ನಿಕ್ಕಲುವೊಕ್ತಾ ಎಂಬಲ್ಲಿಗೆ 100 ಕಿಲೋಮೀಟರಿಗೂ ಹೆಚ್ಚು ದೂರ, ಏಳು ದಿನದ ನಡಿಗೆ. ಬ್ಯಾಂಕಿನಲ್ಲಿ 36 ವರ್ಷ ಕುರ್ಚಿಯ ಮೇಲೆ ಕೂತು ಲೆಜರ್ ಬರೆದವನು ನಾನು. ಯರಗುಪ್ಪಿಯ ಎರಿ ಹೊಲದ ಬದುವಿನ ಮೇಲೆ ಅಡ್ಡಾಡಿದ್ದೇ ನನ್ನ ಟ್ರೆಕ್ಕಿಂಗ್.

ನಮ್ಮ ತಂಡದ ಗೈಡ್ ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಮೊದಲು ಅವಳು ಎಲ್ಲರ ಚೀಲ ನೆಲಕ್ಕೆ ಸುರುವಿಸಿದಳು. ಬೇಡವಾದದ್ದನ್ನೆಲ್ಲ ತೆಗೆಸಿದಳು. ನನ್ನಾಕೆ ಕಟ್ಟಿಕೊಟ್ಟಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ಕೈಯಲ್ಲಿ ತೂಗಿ ನೋಡಿ, ರುಚಿ ನೋಡಿ, ತಾನೇ ವಾಪಸು ಚೀಲದೊಳಗಿಟ್ಟಳು. ತೂಕ ಕಡಿಮೆ, ವಾರಗಟ್ಟಲೆ ಕೆಡುವುದಿಲ್ಲ, ತಿಂದರೆ ಕಸುವು. ದಾರಿಯ ಬುತ್ತಿಗೆ ಇನ್ನೇನು ಬೇಕು?

ಅವಳದು ಇನ್ನೊಂದು ನಿಯಮ. ಎಲ್ಲರಿಗಿಂತ ನಿಧಾನ ನಡೆಯುವವರು ಗೈಡ್‌ನ ಬೆನ್ನಿಗೇ ಇರಬೇಕು. ಗಟ್ಟಿ ಕಾಲಿನವರು ಹಿಂದೆ. ಹಾಗಾಗಿ ಇಡೀ ತಂಡ ನನ್ನ ಹೆಜ್ಜೆಯ ಲೆಕ್ಕಕ್ಕೆ ನಡೆಯಿತು.

ನಮ್ಮ ಕಡೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವವರಿಗೆ ದಾರಿಯುದ್ದಕ್ಕೂ ನೀರು, ಮಜ್ಜಿಗೆ, ಊಟ ಕೊಡುವ ಭಕ್ತರಿರುತ್ತಾರೆ. ಇಲ್ಲಿ ಒಂದು ತಂಗುಮನೆಯಿಂದ ಇನ್ನೊಂದಕ್ಕೆ 12ರಿಂದ 20 ಕಿಲೋಮೀಟರ್. ನಡುವೆ ರಸ್ತೆಯಿಲ್ಲ, ಊರಿಲ್ಲ, ಮೊಬೈಲ್ ಹತ್ತುವುದಿಲ್ಲ. ಜೌಗಿನ ಮೇಲೆ ಉದ್ದಕ್ಕೆ ಹಾಸಿದ ಹಲಗೆಗಳು, ಕಲ್ಲಿನ ಮೇಲೆ ಕೆಂಪು ಬಣ್ಣದ ಗುರುತು, ಅಷ್ಟೇ. ಅಬಿಸ್ಕೋದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 300 ಮಿಲಿಮೀಟರ್, ನಮ್ಮ ಕುಂದಗೋಳ ತಾಲ್ಲೂಕಿಗಿಂತ ಕಡಿಮೆ. ಆದರೂ ಎಲ್ಲಿ ನೋಡಿದರೂ ನೀರು. ಚಳಿಗೆ ನೀರು ಆರುವುದಿಲ್ಲ, ಹಿಮ ನಿಧಾನ ಕರಗುತ್ತಿರುತ್ತದೆ. ತೊರೆಗೆ ಲೋಟ ಅದ್ದಿ ಹಾಗೇ ಕುಡಿದೆವು. ಮುಖಕ್ಕೆ ಮಾತ್ರ ಸೊಳ್ಳೆಪರದೆ ಬೇಕು!

ದಾರಿಯಲ್ಲಿ ಹಿಮಸಾರಂಗಗಳು ಸಿಕ್ಕವು. ಕಾಡುಪ್ರಾಣಿ ಅಂದುಕೊಂಡಿರಾ? ಅಲ್ಲ. ಒಂದೊಂದಕ್ಕೂ ಒಡೆಯರಿದ್ದಾರೆ. ಅಲ್ಲಿನ ಮೂಲನಿವಾಸಿ ಸಾಮಿ ಜನ ಅವುಗಳ ಕಿವಿಯಂಚು ಕತ್ತರಿಸಿ, ಒಬ್ಬೊಬ್ಬ ಒಡೆಯರಿಗೆ ಒಂದರಂತೆ ಗುರುತು ಮಾಡಿರುತ್ತಾರೆ.

ಮೊದಲ ದಿನ 15 ಕಿಲೋಮೀಟರ್ ನಡೆದು ಅಬಿಸ್ಕೋಯಾವ್ರೆ ತಂಗುಮನೆ ಸೇರಿದೆವು. ಕರೆಂಟಿಲ್ಲ, ನಲ್ಲಿಯಿಲ್ಲ. ಬಂದವರೇ ನೀರು ತರಬೇಕು, ಸೌದೆ ಒಡೆಯಬೇಕು, ಹೊರಡುವಾಗ ಮುಂದೆ ಬರುವವರಿಗೆ ಒಣ ಚಕ್ಕೆ ಇಟ್ಟು ಹೋಗಬೇಕು. ಮನೆಯಲ್ಲಿ ಉಂಡ ತಾಟು ಎತ್ತದ ಹುಡುಗಿ ಎರಡು ಬಕೆಟ್ ನೀರು ಹೊತ್ತು ತಂದಳು.

ರಾತ್ರಿ ನನ್ನ ಮೊಣಕಾಲು ಬಾತಿತು. ಮರುದಿನದ ದಾರಿ ಹೆಚ್ಚು ಉದ್ದ, ಏರು ಬೇರೆ. ನಡುದಾರಿಯಲ್ಲಿ ನಾನು ಕೂತರೆ ಎಲ್ಲರೂ ಕೂರಬೇಕು. ಖಾತೆಯಲ್ಲಿ ಎಷ್ಟಿದೆ ಎಂದು ನೋಡಿಯೇ ಚೆಕ್ ಬರೆಯಬೇಕಲ್ಲವೇ? ನಾನು ವಾಪಸು ಹೋಗುತ್ತೇನೆ ಎಂದೆ. ಮೊಮ್ಮಗಳ ಕಣ್ಣು ತುಂಬಿತು.

“ಅಜ್ಜಾ, ನೀ ಬರೂದಿಲ್ಲಂದ್ರ ನಾನೂ ಹೋಗೂದಿಲ್ಲ.”

“ನೀ ಹೋಗಿ ನೋಡ್ಕೊಂಡ್ ಬಾ. ನನಗ ಹೇಳಾಕ ಯಾರರ ಬೇಕಲ್ಲ?”

ಬೆಳಿಗ್ಗೆ ಅವಳು ಅಪ್ಪನ ಜೊತೆ ದಕ್ಷಿಣಕ್ಕೆ ಹೊರಟಳು. ಆ ಕಡೆಯಿಂದ ನಡೆದು ಬಂದಿದ್ದ ಗಂಡ-ಹೆಂಡತಿಯ ಜೊತೆ ನಾನು ಅಬಿಸ್ಕೋಗೆ ಮರಳಿದೆ.

ಮುಂದಿನ ಆರು ದಿನ ಒಂದು ಸುದ್ದಿಯೂ ಇಲ್ಲ. ನಕಾಶೆಯ ಮೇಲೆ ಬೆರಳಿಟ್ಟು ಕೂತೆ: ಇವತ್ತು ಅಲೆಸ್‌ಯಾವ್ರೆ, ನಾಳೆ ಶಾಕ್ತ್ಯಾ, ನಾಡಿದ್ದು ಸೆಲ್ಕಾ. ನಡುರಾತ್ರಿ 12ಕ್ಕೂ ಸರೋವರದ ಮೇಲೆ ಸೂರ್ಯ. ನಿದ್ದೆ ಹತ್ತಲಿಲ್ಲ. ಊರಿನಿಂದ ನನ್ನಾಕೆಯ ಫೋನು.

“ಏನ್ರೀ, ಹೊತ್ತು ಮುಳುಗೂದ ಇಲ್ಲಂದ್ರ ಸಂಜಿ ದೀಪ ಯಾವಾಗ ಹಚ್ತೀರಿ? ಕೂಸಿನ ಸುದ್ದಿ ಏನರ ಬಂತೇನು?”

ನಮ್ಮಪ್ಪ ಶ್ರೀಶೈಲಕ್ಕೆ ನಡೆದು ಹೋದಾಗ ಅವ್ವನಿಗೆ ಫೋನೂ ಇರಲಿಲ್ಲ, ಕಾಗದವೂ ಬರುತ್ತಿರಲಿಲ್ಲ. ಹೊಲ-ಮನೆ ನೋಡಿಕೊಂಡು, ವಾರಗಟ್ಟಲೆ ಸುಮ್ಮನೆ ಕಾಯುತ್ತಿದ್ದಳು. ಆ ಗಟ್ಟಿತನ ಎಷ್ಟು ದೊಡ್ಡದೆಂದು ನನಗೆ ಆ ಆರು ದಿನಗಳಲ್ಲಿ ತಿಳಿಯಿತು.

ಏಳನೇ ದಿನ ಕಿರುನಾ ಪಟ್ಟಣದಿಂದ ಬಸ್ಸು ಹಿಡಿದು ನಿಕ್ಕಲುವೊಕ್ತಾಕ್ಕೆ ಹೋಗಿ ನಿಂತೆ. ಮಧ್ಯಾಹ್ನ ಅವಳು ಬಂದಳು. ಮೂಗು ಕೆಂಪಾಗಿತ್ತು, ಬೂಟು ಕೆಸರಾಗಿತ್ತು, ಮಾತು ನಿಲ್ಲುತ್ತಿರಲಿಲ್ಲ. 1,100 ಮೀಟರಿಗೂ ಎತ್ತರದ ಶಾಕ್ತ್ಯಾ ಕಣಿವೆಬಾಯಿಯಲ್ಲಿ ಮೊಣಕಾಲುದ್ದ ಹಿಮ. ಗೈಡ್‌ನ ಹೆಜ್ಜೆಗುಳಿಯಲ್ಲೇ ಹೆಜ್ಜೆ ಇಟ್ಟು ದಾಟಿದರಂತೆ. ಕೆಬ್ನೆಕೈಸೆ ಪರ್ವತದ ಬುಡದಲ್ಲಿ ಗೈಡ್ ಒಂದು ಸಂಗತಿ ಹೇಳಿದಳಂತೆ. ಅದರ ದಕ್ಷಿಣ ಶಿಖರ ಸ್ವೀಡನ್ನಿನಲ್ಲೇ ಅತಿ ಎತ್ತರದ್ದಾಗಿತ್ತು. ಆದರೆ ಅದರ ತಲೆಯ ಮೇಲಿರುವುದು ಹಿಮದ ಟೋಪಿ. ಅದು ಕರಗಿ ಕರಗಿ, 2019ರಲ್ಲಿ ಅಳೆದಾಗ ಪಕ್ಕದ ಬಂಡೆಗಲ್ಲಿನ ಉತ್ತರ ಶಿಖರಕ್ಕಿಂತ ಕುಳ್ಳಾಗಿತ್ತು.

“ಅಜ್ಜಾ, ನಾ ನಿನ್ನಷ್ಟು ದೊಡ್ಡಾಕಿ ಆಗೂದ್ರಾಗ ಅದು ಇನ್ನೆಷ್ಟು ಕರಗಿರ್ತೈತಿ?”

ನನ್ನಲ್ಲಿ ಉತ್ತರವಿರಲಿಲ್ಲ. ಅವಳ ಚೀಲವನ್ನು ನಾನು ಹೊತ್ತುಕೊಂಡೆ. ಅವಳು ಮತ್ತೆ ಕಸಿದುಕೊಂಡಳು.

ಡಿಸೆಂಬರಿನಲ್ಲಿ ಅವರೆಲ್ಲ ಯರಗುಪ್ಪಿಗೆ ಬಂದಿದ್ದರು. ಕಡಲೆ ಹೊಲಕ್ಕೆ ಹೊರಟಾಗ ಓಣಿಯ ಹುಡುಗರು ಓಡಿ ಮುಂದಾದರು. ಮೊಮ್ಮಗಳು ಎಲ್ಲರನ್ನೂ ನಿಲ್ಲಿಸಿ, ಹಿಂದಕ್ಕೆ ಕರೆದು, ಸಾಲು ಹಚ್ಚಿದಳು.

“ನಿಧಾನ ನಡ್ಯೋರು ಮುಂದ. ಅಜ್ಜಾ, ನೀ ನಡಿ.”