ತಲೆಯಾಡಿಸಿದ ಎಬುಯೆ

ನಮ್ಮ ಹಾಸ್ಟೆಲಿನ ವಾಟ್ಸಾಪ್ ಗ್ರೂಪಿನಲ್ಲಿ ಯಾರಿಗಾದರೂ ಏನಾದರೂ ಅರ್ಥವಾಗದಿದ್ದರೆ ಟೈಪ್ ಮಾಡುವ ಕಷ್ಟವಿಲ್ಲ. ಎಬುಯೆಯ ವಿಡಿಯೊ ತುಣುಕು ಹಾಕಿದರೆ ಸಾಕು. 2010ರ ವಿಶ್ವಕಪ್, ದಕ್ಷಿಣ ಆಫ್ರಿಕಾದ ನೆಲ್‌ಸ್ಪ್ರೂಟಿನಲ್ಲಿ ಐವರಿ ಕೋಸ್ಟ್ ಮತ್ತು ಉತ್ತರ ಕೊರಿಯಾ ಪಂದ್ಯ. ಗೆರೆಯ ಪಕ್ಕ ಕೊರಿಯಾದ ಕೋಚ್ ತನ್ನ ಆಟಗಾರನಿಗೆ ತಮ್ಮ ಭಾಷೆಯಲ್ಲಿ ಏನೋ ಹೇಳಿಕೊಡುತ್ತಿದ್ದಾನೆ. ಎದುರಾಳಿ ತಂಡದ ಡಿಫೆಂಡರ್ ಇಮ್ಯಾನುಯೆಲ್ ಎಬುಯೆ ನಡುವೆ ಬಂದು ನಿಂತು, ಪ್ರತಿ ಮಾತೂ ತಿಳಿದವನಂತೆ ಗಂಭೀರವಾಗಿ ತಲೆಯಾಡಿಸುತ್ತಾನೆ. ಆ ಪಂದ್ಯವನ್ನು ಐವರಿ ಕೋಸ್ಟ್ 3-0ರಿಂದ ಗೆದ್ದೂ ಟೂರ್ನಿಯಿಂದ ಹೊರಬಿತ್ತು. ಅದು ಯಾರಿಗೂ ನೆನಪಿಲ್ಲ.

ಕಳೆದ ವರ್ಷ ನನ್ನ ಪಿಎಚ್‌ಡಿ ಪ್ರಗತಿ ಪರಿಶೀಲನೆಯಲ್ಲಿ ಸಮಿತಿಯ ಹಿರಿಯರೊಬ್ಬರು ಒಂದು ಪ್ರಶ್ನೆ ಕೇಳಿದರು. ಅದರ ಮೊದಲರ್ಧ ಮುಗಿಯುವುದರೊಳಗೆ ನಾನು ತಲೆಯಾಡಿಸತೊಡಗಿದ್ದೆ. "ಸರಿ, ಹಾಗಾದರೆ ಹೇಳಿ" ಎಂದರು. ಹೇಳಲು ಏನೂ ಇರಲಿಲ್ಲ. ನಾನಿನ್ನೂ ಕೋಣೆಗೆ ಮರಳಿರಲಿಲ್ಲ, ಗ್ರೂಪಿನಲ್ಲಿ ಆಗಲೇ ಎಬುಯೆ ಬಂದಿದ್ದ, ಕೆಳಗೆ ನನ್ನ ಹೆಸರು. ನಾನೂ ನಗುವ ಇಮೋಜಿ ಹಾಕಿದೆ. ಆ ಗ್ರೂಪಿಗೆ ಆ ತುಣುಕನ್ನು ಮೊದಲು ತಂದವನೇ ನಾನಲ್ಲವೆ!

ಅವತ್ತು ರಾತ್ರಿ ನಿದ್ದೆ ಬರದೆ ಎಬುಯೆಯ ಹಳೆಯ ಪಂದ್ಯಗಳನ್ನು ಹುಡುಕುತ್ತ ಕೂತೆ. ಅಬಿಜಾನಿನ ಹುಡುಗ, ಬೆಲ್ಜಿಯಂನ ಬೆವೆರೆನ್ ಮೂಲಕ 2005ರಲ್ಲಿ ಆರ್ಸೆನಲ್ ಸೇರಿದವನು. ಮರುವರ್ಷವೇ ಪ್ಯಾರಿಸಿನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್ ಆಡಿದ. ನಾನು ಮತ್ತೆ ಮತ್ತೆ ನೋಡಿದ್ದು ಮಾತ್ರ 2008ರ ಡಿಸೆಂಬರಿನ ವಿಗನ್ ಪಂದ್ಯದ ತುಣುಕು. ಮೊಣಕಾಲಿನ ಗಾಯದಿಂದ ಆಗಷ್ಟೇ ಚೇತರಿಸಿಕೊಂಡಿದ್ದ ಈ ರೈಟ್ ಬ್ಯಾಕನ್ನು ಬದಲಿಯಾಗಿ ಇಳಿಸಿ ಎಡಗಡೆ ಆಡಿಸಿದರು. ಚೆಂಡು ಮತ್ತೆ ಮತ್ತೆ ಕೈತಪ್ಪಿತು (ಫುಟ್‌ಬಾಲಿನಲ್ಲಿ ಕಾಲ್ತಪ್ಪಿತು ಎನ್ನಬೇಕೇನೊ). ಬದಲಿಯಾಗಿ ಬಂದವನನ್ನೇ ಕೊನೆಗೆ ಹೊರಗೆ ಕರೆದಾಗ ಕೂಗಿ ಗೇಲಿ ಮಾಡಿದವರು ಸ್ವಂತ ತಂಡದ ಅಭಿಮಾನಿಗಳು. ಆರ್ಸೆನಲ್ 1-0ರಿಂದ ಗೆಲ್ಲುತ್ತಿದ್ದ ಪಂದ್ಯ ಅದು!

ಮುಂದೆ ಅದೇ ಅಭಿಮಾನಿಗಳು ಅವನನ್ನು ಮುದ್ದು ಮಾಡಿದರು. ಕೊರಿಯಾ ಕೋಚಿನ ಪಕ್ಕ ನಿಂತದ್ದು ವಿಗನ್ ಪಂದ್ಯವಾಗಿ ಎರಡು ವರ್ಷವೂ ಆಗಿರದಿದ್ದಾಗ. ಅಷ್ಟು ದೊಡ್ಡ ಕ್ರೀಡಾಂಗಣ ತನ್ನನ್ನು ನೋಡಿ ಅರಚಿದ ಮೇಲೂ ಒಬ್ಬ ಮನುಷ್ಯ ತಮಾಷೆ ಮಾಡಬಲ್ಲನೆ ಎಂದು ನನಗೆ ಆಶ್ಚರ್ಯ. ಅಥವಾ ಅದಕ್ಕೇ ಮಾಡುತ್ತಾನೊ?

2017ರಲ್ಲಿ ಇಂಗ್ಲೆಂಡಿನ ಪತ್ರಿಕೆಯೊಂದರಲ್ಲಿ ಅವನ ಸಂದರ್ಶನ ಬಂತು. ವಿಚ್ಛೇದನ, ಕೈಬಿಟ್ಟುಹೋದ ಹಣ, ಸ್ನೇಹಿತರ ಮನೆಯ ನೆಲದ ಮೇಲೆ ನಿದ್ದೆ. ಆಗಲೂ ಆ ತಲೆಯಾಡಿಸುವ ತುಣುಕು ಓಡುತ್ತಲೇ ಇತ್ತು. ಅದರಿಂದ ಅವನಿಗೆ ಬಿಡಿಗಾಸೂ ಹುಟ್ಟಿರಲಾರದು. ಕೋಟ್ಯಂತರ ಜನರ ಫೋನಿನಲ್ಲಿ ನಗಿಸುವವನು ತನ್ನ ಬಟ್ಟೆ ತಾನೇ ಕೈಯಲ್ಲಿ ಒಗೆಯುತ್ತಿದ್ದ. ಓದಿ ಮುಗಿಸಿದಾಗ ಎರಡು ಗಂಟೆ ದಾಟಿತ್ತು.

ಮೊನ್ನೆ ಜೂನಿಯರ್ ಒಬ್ಬಳು ಸೆಮಿನಾರಿನಲ್ಲಿ ಒಂದು ಪ್ರಶ್ನೆಗೆ ತಡವರಿಸಿದಳು. ಫೋನ್ ತೆಗೆದು ತುಣುಕು ಹುಡುಕಿದವರಲ್ಲಿ ನಾನೂ ಒಬ್ಬ. ಕಳಿಸಲಿಲ್ಲ. ಆಮೇಲೆ ಕ್ಯಾಂಟೀನಿನಲ್ಲಿ ಅವಳ ಎದುರು ಕೂತು, "ಆ ಪ್ರಶ್ನೆ ನಂಗೂ ಅರ್ಥ ಆಗ್ಲಿಲ್ಲಮ್ಮ" ಎಂದೆ. ಅವಳು ತಲೆಯಾಡಿಸಿದಳು.