ಬ್ರಹ್ಮಾವರದಿಂದ ಬಾಳೆಬರೆಗೆ

ಉಡುಪಿಯಿಂದ ಉತ್ತರಾಭಿಮುಖವಾಗಿ ಹೊರಟ ರಾಷ್ಟ್ರೀಯ ಹೆದ್ದಾರಿಯು ಕಲ್ಯಾಣಪುರದ ಬಳಿ ಸ್ವರ್ಣಾನದಿಯನ್ನು ದಾಟಿ ಬ್ರಹ್ಮಾವರವನ್ನು ಸೇರುತ್ತದೆ. ಮುಂದೆ ಮಾಬುಕಳದಲ್ಲಿ ಸೀತಾನದಿ. ಆಮೇಲೆ ಸಾಲಿಗ್ರಾಮ, ಶಿವರಾಮ ಕಾರಂತರು 1902ರಲ್ಲಿ ಹುಟ್ಟಿದ ಕೋಟ, ತೆಕ್ಕಟ್ಟೆ, ಕೋಟೇಶ್ವರ. ಕುಂದಾಪುರವನ್ನು ಮುಟ್ಟುವ ವೇಳೆಗೆ ನೆಲಕ್ಕಿಂತ ನೀರೇ ಹೆಚ್ಚೆಂದು ತೋರುತ್ತದೆ. ಸೌಪರ್ಣಿಕಾ, ಚಕ್ರಾ, ವಾರಾಹಿ ಮೊದಲಾದ ಐದು ಹೊಳೆಗಳು ಇಲ್ಲಿ ಒಂದಾಗಿ, ಪಂಚಗಂಗಾವಳಿಯೆಂಬ ಹೆಸರಿನಿಂದ ಕಡಲನ್ನು ಕೂಡುತ್ತವೆ. 2018ರಲ್ಲಿ ಬ್ರಹ್ಮಾವರವೂ ಬೈಂದೂರೂ ಪ್ರತ್ಯೇಕ ತಾಲೂಕುಗಳಾದುವು. ಆದರೂ ಹೊಳೆ, ಕಡಲು, ಮಾತು ಈ ಮೂರರಿಂದಲೂ ಇದು ಇಂದಿಗೂ ಒಂದೇ ಸೀಮೆ.

ಈ ಸೀಮೆಯಲ್ಲಿ ದೂರವನ್ನು ಮೈಲಿಯಿಂದ ಅಳೆಯುವ ರೂಢಿ ಬಹಳ ಹಳೆಯದಲ್ಲ. ಹೊಳೆಗಳಿಗೆ ಸೇತುವೆ ಬೀಳುವ ಮೊದಲು, ಆಚೆಯ ದಡಕ್ಕೆ ಎಷ್ಟು ಹೊತ್ತೆಂದು ಕೇಳಿದರೆ ದೋಣಿಯವನು ಥಟ್ಟನೆ ಉತ್ತರ ಹೇಳುತ್ತಿರಲಿಲ್ಲ. ಮೊದಲು ನೀರಿನ ಮುಖವನ್ನು ನೋಡುತ್ತಿದ್ದ. ಉಬ್ಬರವೋ ಇಳಿತವೋ, ಗಾಳಿ ಯಾವ ಕಡೆಯದು, ದೋಣಿಗೆ ಹತ್ತುವವರು ಎಷ್ಟು ಮಂದಿ, ಅಕ್ಕಿಮುಡಿಗಳು ಎಷ್ಟು—ಇಷ್ಟೂ ಮನಸ್ಸಿನಲ್ಲೇ ಕೂಡಿ ಕಳೆದು, ಆಮೇಲೆ ಮಾತು. ಅದೇ ಹೊಳೆ, ಅದೇ ಅಗಲ. ಉತ್ತರ ಮಾತ್ರ ದಿನಕ್ಕೊಂದು.

ಇಂದು ಅದೇ ಪ್ರಶ್ನೆ ಬೇರೊಂದು ವೇಷದಲ್ಲಿ ಮರಳಿದೆ. ಹೆದ್ದಾರಿಯ ಬದಿಯ ಹೋಟೆಲಿನ ಮುಂದೆ ಸದ್ದಿಲ್ಲದೆ ಬಂದು ನಿಂತ ಕಾರಿನ ಬಳಿಗೆ ಯಾರಾದರೊಬ್ಬರು ಬಂದೇ ಬರುತ್ತಾರೆ. “ಹ್ವಾಯ್, ಒಂದ್ ಸಲ ಚಾರ್ಜ್ ಮಾಡಿರೆ ಎಷ್ಟ್ ದೂರ ಹೋತ್ತ್?” ಎಂಬುದು ಅವರ ಮೊದಲ ಪ್ರಶ್ನೆ. ಕಾರಿನ ಒಡೆಯ ಪುಸ್ತಕದ ಅಂಕೆಯನ್ನು ಹೇಳಬೇಕೋ, ತನ್ನ ಅನುಭವದ ಅಂಕೆಯನ್ನು ಹೇಳಬೇಕೋ ತಿಳಿಯದೆ ಕ್ಷಣಕಾಲ ತಡೆಯುತ್ತಾನೆ. ಆ ತಡೆಯುವಿಕೆಯಲ್ಲಿ ಅರ್ಥವಿದೆ.

ಪುಸ್ತಕದ ಅಂಕೆ ಹುಟ್ಟುವುದು ರಸ್ತೆಯಲ್ಲಲ್ಲ, ಪ್ರಯೋಗಶಾಲೆಯಲ್ಲಿ. ಪುಣೆಯ ಎ.ಆರ್.ಎ.ಐ.ನಂತಹ ಸಂಸ್ಥೆಗಳಲ್ಲಿ ಕಾರಿನ ಚಕ್ರಗಳನ್ನು ಉರುಳೆಗಳ ಮೇಲೆ ನಿಲ್ಲಿಸಿ, ಗೊತ್ತುಮಾಡಿದ ಕ್ರಮದಲ್ಲಿ ಓಡಿಸುತ್ತಾರೆ. ಭಾರತದಲ್ಲಿ ಬಳಕೆಯಲ್ಲಿರುವ ಈ ಕ್ರಮದ ಮೊದಲ ಭಾಗದಲ್ಲಿ ವೇಗ ಗಂಟೆಗೆ 50 ಕಿಲೋಮೀಟರನ್ನು ಮೀರುವುದಿಲ್ಲ. ಎರಡನೆಯ ಭಾಗದಲ್ಲಿಯೂ 90ಕ್ಕೆ ನಿಲ್ಲುತ್ತದೆ. ಅಲ್ಲಿ ಘಟ್ಟವಿಲ್ಲ, ಎದುರುಗಾಳಿಯಿಲ್ಲ, ಹಿಂದಿನ ಸೀಟಿನಲ್ಲಿ ಅಜ್ಜಿಯೂ ಮೊಮ್ಮಕ್ಕಳೂ ಇಲ್ಲ, ಡಿಕ್ಕಿಯಲ್ಲಿ ತೆಂಗಿನಕಾಯಿ ಮೂಟೆಯೂ ಇಲ್ಲ. 2020ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ಟಾಟಾ ನೆಕ್ಸಾನ್ ವಿದ್ಯುತ್ ಕಾರಿನ ಬ್ಯಾಟರಿ 30.2 ಯೂನಿಟ್‌ನದು, ಮನೆಯ ಕರೆಂಟು ಬಿಲ್ಲಿನಲ್ಲಿ ಕಾಣುವ ಅದೇ ಯೂನಿಟ್. ಪರೀಕ್ಷೆಯಲ್ಲಿ ಅದಕ್ಕೆ ದೊರೆತ ಅಂಕೆ 312 ಕಿಲೋಮೀಟರು. ಎಂದರೆ ಯೂನಿಟ್ಟಿಗೆ ಹತ್ತು ಕಿಲೋಮೀಟರಿಗೂ ಮೇಲೆ. ಕರಾವಳಿಯ ಹೆದ್ದಾರಿಯಲ್ಲಿ ಸಂಸಾರಸಮೇತ ಹೊರಟವರಿಗೆ ಯೂನಿಟ್ಟಿಗೆ ಏಳು ಬಂದರೆ ಸಮಾಧಾನಪಡಬೇಕು. ಒಟ್ಟು 210ರ ಸುಮಾರು.

ಇದನ್ನು ಮೋಸವೆನ್ನಬೇಕಾಗಿಲ್ಲ. ಒಂದೇ ಕ್ರಮದಲ್ಲಿ ಅಳೆದ ಎರಡು ಕಾರುಗಳನ್ನು ಹೋಲಿಸಿ ನೋಡಲು ಆ ಅಂಕೆ ಉಪಯುಕ್ತ. ದಾರಿಗೆ ಬುತ್ತಿ ಕಟ್ಟಿಕೊಳ್ಳಲು ಅಲ್ಲ. ಅಮೆರಿಕದಲ್ಲಿ ಪ್ರಯೋಗಶಾಲೆಯ ಅಂಕೆಯನ್ನು ಸಾಮಾನ್ಯವಾಗಿ 0.7ರಿಂದ ಗುಣಿಸಿ, ಬಂದುದನ್ನೇ ಗ್ರಾಹಕರಿಗೆ ತಿಳಿಸುವ ಪದ್ಧತಿಯಿದೆ. 312ನ್ನು ಹಾಗೆ ಗುಣಿಸಿದರೆ 218. ಕುಂದಾಪುರದವರ ಅನುಭವಕ್ಕೂ ಅಮೆರಿಕದವರ ಗುಣಾಕಾರಕ್ಕೂ ಹೆಚ್ಚು ಅಂತರವಿಲ್ಲ! 2024ರಲ್ಲಿ ಬಂದ 45 ಯೂನಿಟ್ಟಿನ ನೆಕ್ಸಾನಿಗೆ ಪರೀಕ್ಷೆಯ 489 ಕಿಲೋಮೀಟರಿನ ಜೊತೆಗೆ, ನಿಜವಾದ ಬಳಕೆಯಲ್ಲಿ 350ರಿಂದ 370 ಎಂದು ತಯಾರಕರೇ ಹೇಳಿದರು. ಇದು ಒಳ್ಳೆಯ ನಡೆ.

ಕುಂದಾಪುರದ ಶಾಸ್ತ್ರಿ ವೃತ್ತದಲ್ಲಿ ಬಹುಕಾಲ ಕುಂಟಿ ಮುಗಿದ ಮೇಲ್ಸೇತುವೆಯನ್ನು ಹಾದು, ಸಂಗಮದ ಸೇತುವೆಯನ್ನು ದಾಟಿ, ಹೆಮ್ಮಾಡಿ, ಅರಾಟೆಗಳ ಮೂಲಕ ತ್ರಾಸಿಗೆ ಬಂದರೆ ಮರವಂತೆಯ ಸುಪ್ರಸಿದ್ಧ ದೃಶ್ಯ ತೆರೆದುಕೊಳ್ಳುತ್ತದೆ. ಎಡಕ್ಕೆ ಅರಬ್ಬೀ ಸಮುದ್ರ, ಬಲಕ್ಕೆ ಸೌಪರ್ಣಿಕೆ, ನಡುವೆ ರಸ್ತೆ. ಪೇಟೆಯ ಇಕ್ಕಟ್ಟಿನಿಂದ ಪಾರಾಗಿ ಬಂದವನ ಕಾಲು ತಾನಾಗಿಯೇ ಪೆಡಲನ್ನು ಒತ್ತುತ್ತದೆ. ಮೀಟರಿನ ಅಂಕೆ ಕರಗತೊಡಗುವುದು ಇಲ್ಲಿಯೇ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ: ಗಂಟೆಗೆ 60 ಕಿಲೋಮೀಟರಿನಲ್ಲಿ ಒಂದು ಪಾಲಿದ್ದ ತಡೆ 100ರಲ್ಲಿ ಸುಮಾರು ಎರಡೂಮುಕ್ಕಾಲು ಪಾಲು. ಆಷಾಢದ ದಿನಗಳಲ್ಲಿ ಪಡುವಣ ಗಾಳಿ ಅಡ್ಡ ಹೊಡೆಯುವುದೂ, ರಸ್ತೆಯ ಮೇಲೆ ನಿಂತ ನೀರನ್ನು ಟೈರುಗಳು ಸೀಳಬೇಕಾಗುವುದೂ ಇದಕ್ಕೆ ಸೇರುತ್ತವೆ. ಬೆವರಿಳಿಸುವ ಕರಾವಳಿಯಲ್ಲಿ ಎ.ಸಿ.ಯನ್ನೇ ಎಲ್ಲರೂ ದೂರುತ್ತಾರೆ. ಆದರೆ ಅದು ತೆಗೆದುಕೊಳ್ಳುವುದು ಗಂಟೆಗೆ ಒಂದು, ಒಂದೂವರೆ ಯೂನಿಟ್. ವೇಗವಾಗಿ ಓಡುವ ಕಾರಿನಲ್ಲಿ ಅದು ದೊಡ್ಡ ಕಳ್ಳನಲ್ಲ. ಮಕ್ಕಳನ್ನು ಸೆಕೆಯಲ್ಲಿ ಬೇಯಿಸುವುದಕ್ಕಿಂತ ವೇಗವನ್ನು ತುಸು ಇಳಿಸುವುದು ಲೇಸು.

ಪೆಟ್ರೋಲ್ ಕಾರಿಗೆ ಈ ಗಾಳಿ, ಈ ಏರು ಇರಲಿಲ್ಲವೆ? ಇತ್ತು, ಕಾಣುತ್ತಿರಲಿಲ್ಲ. ಒಂದು ಲೀಟರು ಪೆಟ್ರೋಲಿನಲ್ಲಿ ಒಂಬತ್ತು ಯೂನಿಟ್ಟಿಗೂ ಮಿಗಿಲಾದ ಶಕ್ತಿಯಿದೆ. ಆ ಲೆಕ್ಕದಲ್ಲಿ 30 ಯೂನಿಟ್ಟಿನ ಬ್ಯಾಟರಿಯೆಂದರೆ ಮೂರೂಕಾಲು ಲೀಟರು ಪೆಟ್ರೋಲು ಹಿಡಿಯುವ ಸಣ್ಣ ಡಬ್ಬಿ. ಅಷ್ಟರಲ್ಲೇ ಇನ್ನೂರು ಕಿಲೋಮೀಟರು ಓಡುವುದು ವಿದ್ಯುತ್ ಕಾರಿನ ಮಿತವ್ಯಯಕ್ಕೆ ಸಾಕ್ಷಿ. ಪೆಟ್ರೋಲ್ ಎಂಜಿನ್ ತನ್ನ ಶಕ್ತಿಯ ಬಹುಪಾಲನ್ನು ಶಾಖವಾಗಿ ಚೆಲ್ಲಿಬಿಡುವುದರಿಂದ, ಆ ದುಂದಿನ ನಡುವೆ ಒಂದು ಗುಡ್ಡದ ಖರ್ಚು ಮುಚ್ಚಿಹೋಗುತ್ತದೆ. ಅಳೆದು ಸುರಿಯುವ ಮನೆಯಲ್ಲಿ ಒಂದು ಸೇರು ಅಕ್ಕಿ ಹೆಚ್ಚಾಗಿ ಖರ್ಚಾದರೂ ಗೊತ್ತಾಗುತ್ತದೆ.

ಮೀಟರಿನಲ್ಲಿ ಕಾಣುವ ‘ಇನ್ನುಳಿದ ದೂರ’ದ ಸ್ವಭಾವವನ್ನು ತಿಳಿಯದೆ ಹೋಗುವುದೇ ಹೆಚ್ಚಿನ ಭಯಕ್ಕೆ ಕಾರಣ. ಬಹುಪಾಲು ಕಾರುಗಳಲ್ಲಿ ಆ ಅಂಕೆ ಮುಂದಿನ ದಾರಿಯನ್ನು ಕಂಡು ಹೇಳಿದ್ದಲ್ಲ. ಹಿಂದಿನ ದಾರಿಯನ್ನು ನೆನೆದು ಹೇಳಿದ್ದು. ಕೆಲವು ಕಿಲೋಮೀಟರುಗಳಲ್ಲಿ ಯೂನಿಟ್ಟಿಗೆ ಎಷ್ಟು ಓಡಿತೋ ಮುಂದೆಯೂ ಅಷ್ಟೇ ಓಡುವುದೆಂದು ಅದು ನಂಬಿಕೊಂಡಿರುತ್ತದೆ. ಉಳಿದ ಚಾರ್ಜಿನ ಶೇಕಡಾ ಅಂಕೆಯಾದರೋ ಹಾಗಲ್ಲ. ಅದು ಕೊಡದಲ್ಲಿ ನೀರು ಎಷ್ಟಿದೆಯೆಂಬುದನ್ನು ಮಾತ್ರ ಹೇಳಿ ಸುಮ್ಮನಾಗುತ್ತದೆ.

ಇದು ಕೇವಲ ಕುತೂಹಲದ ವಿಷಯವಾಗಿ ಉಳಿಯದ ಒಂದು ಸಂದರ್ಭವನ್ನು ಊಹಿಸಬಹುದು. ಬೈಂದೂರಿನ ಮನೆಯೊಂದರಲ್ಲಿ ನಡುರಾತ್ರಿ ಹಿರಿಯರೊಬ್ಬರಿಗೆ ಎದೆನೋವು. ಮಣಿಪಾಲದ ಆಸ್ಪತ್ರೆ ಅಲ್ಲಿಂದ ಸುಮಾರು 75 ಕಿಲೋಮೀಟರು. ಸಂಜೆ ಗಾಳಿಮಳೆಗೆ ತಂತಿಯ ಮೇಲೆ ಮರ ಬಿದ್ದು ಕರೆಂಟು ಹೋಗಿದೆ. ಕಾರಿನಲ್ಲಿ ಶೇಕಡಾ 40ರಷ್ಟು ಚಾರ್ಜು ಉಳಿದಿದೆ, ಎಂದರೆ 12 ಯೂನಿಟ್. ಹಗಲೆಲ್ಲ ಊರೊಳಗಿನ ಓಣಿಗಳಲ್ಲಿ ಮೆಲ್ಲಗೆ ಓಡಾಡಿದ ಕಾರು ಯೂನಿಟ್ಟಿಗೆ ಒಂಬತ್ತರಂತೆ 108 ಕಿಲೋಮೀಟರು ತೋರಿಸುತ್ತಿದೆ. ಮಗನು ಅದನ್ನು ನೋಡಿ ಧೈರ್ಯ ತಂದುಕೊಂಡು, ಗಂಟೆಗೆ 100ರ ವೇಗದಲ್ಲಿ ಹೊರಡುತ್ತಾನೆ. ಆ ವೇಗದಲ್ಲಿ ಯೂನಿಟ್ಟಿಗೆ ಆರು ಬಂದೀತು. ಹನ್ನೆರಡು ಆರಲಿ ಎಪ್ಪತ್ತೆರಡು. ಉಡುಪಿಯನ್ನು ದಾಟಿ, ಮಣಿಪಾಲದ ಏರುದಾರಿಯ ಬುಡದಲ್ಲಿ ಕಾರು ನಿಲ್ಲಬಹುದು. ಅದೇ 80ರ ವೇಗದಲ್ಲಿ ಹೋದರೆ ಯೂನಿಟ್ಟಿಗೆ ಏಳು, 84 ಕಿಲೋಮೀಟರು. ಆಸ್ಪತ್ರೆಯ ಬಾಗಿಲಲ್ಲಿಯೂ ಒಂದು ಯೂನಿಟ್ ಉಳಿದಿರುತ್ತದೆ. ಹೊತ್ತಿನ ವ್ಯತ್ಯಾಸ ಹನ್ನೊಂದು ಹನ್ನೆರಡು ನಿಮಿಷ.

ನಿಧಾನವಾಗಿ ಹೋದರೆ ಮುಟ್ಟಬಹುದು, ಅವಸರಪಟ್ಟರೆ ಮುಟ್ಟಲಾಗದು ಎಂಬ ಈ ವಿಪರೀತ ನ್ಯಾಯ ಎದೆ ಹೊಡೆದುಕೊಳ್ಳುತ್ತಿರುವ ಹೊತ್ತಿನಲ್ಲಿ ಯಾರಿಗೂ ಹೊಳೆಯುವಂಥದಲ್ಲ. ಅದನ್ನು ಮೊದಲೇ ತಿಳಿದಿರಬೇಕು. ಅಂಥ ರಾತ್ರಿ 108ರ ಆಂಬುಲೆನ್ಸಿಗೆ ಮೊದಲು ಫೋನು ಮಾಡುವುದೇ ಸರಿ. ಆದರೂ ಮಳೆಗಾಲದಲ್ಲಿ ಕರೆಂಟಿರುವಾಗಲೇ ಪ್ರತಿ ಸಂಜೆ ಕಾರನ್ನು ಪ್ಲಗ್ಗಿಗೆ ಸಿಕ್ಕಿಸುವ ಅಭ್ಯಾಸ, ಹಂಡೆಯಲ್ಲಿ ನೀರು ತುಂಬಿಡುವ ಅಭ್ಯಾಸದಷ್ಟೇ ಅವಶ್ಯಕ. ಮನೆಯ 15 ಆಂಪಿಯರಿನ ಪ್ಲಗ್ಗಿನಿಂದ ಗಂಟೆಗೆ ಮೂರು ಯೂನಿಟ್ ಬರುತ್ತದೆ. ಬರಿದಾದ ಬ್ಯಾಟರಿ ತುಂಬಲು ಇಡೀ ರಾತ್ರಿ ಬೇಕು.

ಕಡಲ ದಾರಿಯಲ್ಲಿ ಅಷ್ಟಾಗಿ ಕಾಣದ ಇನ್ನೊಂದು ಲೆಕ್ಕ ಕುಂದಾಪುರದಿಂದ ಮೂಡಣಕ್ಕೆ ತಿರುಗಿದಾಗ ಎದುರಾಗುತ್ತದೆ. ಸಿದ್ದಾಪುರವನ್ನು ಕಳೆದು ಹೊಸಂಗಡಿಗೆ ಬಂದರೆ ಘಟ್ಟದ ಗೋಡೆ ಮುಂದೆ ನಿಂತಿರುತ್ತದೆ. ಇದೇ ಬಾಳೆಬರೆ, ಹುಲಿಕಲ್ಲಿನ ದಾರಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಅಭಾವ ಬಂದು ಬಸ್ಸುಗಳು ಇದ್ದಿಲಿನ ಅನಿಲದಿಂದ ಓಡಿದಾಗ, ಏರುದಾರಿಗಳಲ್ಲಿ ಪ್ರಯಾಣಿಕರು ಇಳಿದು ತಳ್ಳುತ್ತಿದ್ದುದನ್ನು ಹಳಬರು ಹೇಳುತ್ತಿದ್ದರು. ವಿದ್ಯುತ್ ಕಾರಿಗೆ ಆ ಕಷ್ಟವಿಲ್ಲ. ಅದು ಏರನ್ನು ಲೀಲೆಯಿಂದ ಹತ್ತುತ್ತದೆ. ನಡುಗುವುದು ಮೀಟರನ್ನು ನೋಡುತ್ತಿರುವವರ ಎದೆ.

ಘಟ್ಟದ ಎತ್ತರವನ್ನು 600 ಮೀಟರು, ದಾರಿಯನ್ನು 12 ಕಿಲೋಮೀಟರು ಎಂದಿಟ್ಟುಕೊಳ್ಳಬಹುದು. ಜನರೂ ಸಾಮಾನೂ ಸೇರಿ 1700 ಕಿಲೋ ತೂಗುವ ಕಾರನ್ನು ಅಷ್ಟೆತ್ತರಕ್ಕೆ ಒಯ್ಯಲು ಶಾಲೆಯ ಪಾಠದ ಲೆಕ್ಕದಂತೆ 2.8 ಯೂನಿಟ್ ಬೇಕು. ಯಂತ್ರದ ನಷ್ಟ ಸೇರಿ ಮೂರರ ಮೇಲೆ. ಮುಂದಕ್ಕೆ ಸಾಗುವ ಮಾಮೂಲು ಖರ್ಚು ಕೂಡಿದರೆ ನಾಲ್ಕೂವರೆ. ಹೊಸಂಗಡಿಯಲ್ಲಿ 20 ಯೂನಿಟ್ ಇದ್ದು 140 ಕಿಲೋಮೀಟರು ತೋರಿಸುತ್ತಿದ್ದ ಕಾರು ನೆತ್ತಿಯ ಚಂಡಿಕಾಂಬೆಯ ಗುಡಿಯನ್ನು ಮುಟ್ಟುವಾಗ ಹದಿನೈದೂವರೆ ಯೂನಿಟ್ ಉಳಿಸಿಕೊಂಡಿರುತ್ತದೆ. ಬಯಲಿನ ದಾರಿಗೆ ಅಷ್ಟು ಚಾರ್ಜು 108 ಕಿಲೋಮೀಟರಿಗೆ ಸಾಕು. ಮೀಟರಾದರೋ ಏರಿದ ದಾರಿಯನ್ನೇ ಜ್ಞಾಪಿಸಿಕೊಂಡು 60 ಎಂದೋ 70 ಎಂದೋ ತೋರಿಸೀತು. ಅಂಕೆಯನ್ನು ನಂಬಿದವರು ದೇವಿಗೆ ಕೈಮುಗಿದು ಅಲ್ಲಿಂದಲೇ ಹಿಂದಿರುಗುತ್ತಾರೆ.

ಹಿಂದಿರುಗುವಾಗಲೇ ಕೌತುಕ. ಇಳಿಜಾರಿನಲ್ಲಿ ಕಾಲು ತೆಗೆದೊಡನೆ ಕಾರಿನ ಮೋಟಾರು ಡೈನಮೋ ಆಗಿ ತಿರುಗಿ, ವೇಗವನ್ನು ತಡೆಯುತ್ತಲೇ ಬ್ಯಾಟರಿಯನ್ನು ತುಂಬುತ್ತದೆ. ಹನ್ನೆರಡು ಕಿಲೋಮೀಟರು ಇಳಿದು ಹೊಸಂಗಡಿಗೆ ಬಂದಾಗ, ಖರ್ಚಾಗುವ ಬದಲು ಒಂದು ಯೂನಿಟ್ಟಿನಷ್ಟು ಜಮೆಯಾಗಿರುತ್ತದೆ. ಏರಿ ಇಳಿದ 24 ಕಿಲೋಮೀಟರಿಗೆ ಒಟ್ಟು ಮೂರೂವರೆ ಯೂನಿಟ್. ಸರಾಸರಿ ಯೂನಿಟ್ಟಿಗೆ ಹತ್ತಿರ ಹತ್ತಿರ ಏಳು, ಮರವಂತೆಯ ಸಮತಟ್ಟು ದಾರಿಯಲ್ಲಿ ಬಂದಷ್ಟೇ! ಹತ್ತಿ ಮುಂದೆ ನಗರ, ತೀರ್ಥಹಳ್ಳಿಗಳ ಕಡೆಗೆ ಹೋಗುವವರಿಗೆ ಮಾತ್ರ ಆ ಸಾಲ ತೀರುವುದಿಲ್ಲ. ಘಟ್ಟದ ಮೇಲೆ ಚಾರ್ಜಿಂಗ್ ಕೇಂದ್ರಗಳು ಹೆದ್ದಾರಿಯಲ್ಲಿರುವಷ್ಟು ಸುಲಭವಾಗಿ ಸಿಕ್ಕುವುದಿಲ್ಲವಾದ್ದರಿಂದ, ಅವರು ಕುಂದಾಪುರದಲ್ಲೇ ತುಂಬಿಸಿಕೊಂಡು ಹೊರಡಬೇಕು.

ಇದೇ ಲೆಕ್ಕವನ್ನು ಹೊಸಂಗಡಿಯಲ್ಲಿ ಭಾರಿ ಪ್ರಮಾಣದಲ್ಲಿ ಮಾಡುತ್ತಿರುವ ಯಂತ್ರಶಾಲೆಯೊಂದಿದೆ. ಘಟ್ಟದ ಮೇಲೆ ಮಾಣಿಯಲ್ಲಿ ಕಟ್ಟೆಹಾಕಿ ನಿಲ್ಲಿಸಿದ ವಾರಾಹಿಯ ನೀರು ಇಲ್ಲಿಯ ಭೂಗರ್ಭದ ವಿದ್ಯುದಾಗಾರಕ್ಕೆ ಧುಮುಕಿ, 115 ಮೆಗಾವಾಟಿನ ನಾಲ್ಕು ಯಂತ್ರಗಳನ್ನು ತಿರುಗಿಸುತ್ತದೆ. ಮೊದಲೆರಡು 1989-90ರಲ್ಲಿ, ಮತ್ತೆರಡು 2009ರಲ್ಲಿ ಕೆಲಸ ಆರಂಭಿಸಿದುವು. ನೀರು ಇಳಿದು ಕೊಟ್ಟ ಕರೆಂಟನ್ನು ಕುಡಿದು ಕಾರು ಏರುತ್ತದೆ. ಇಳಿಯುವಾಗ ತಾನೂ ಒಂದು ಪುಟ್ಟ ವಾರಾಹಿಯಾಗುತ್ತದೆ. ವಿದ್ಯುತ್ ಕಾರಿನ ಪಾಠಕ್ಕೆ ಕರ್ನಾಟಕದಲ್ಲಿ ಇದಕ್ಕಿಂತ ಒಳ್ಳೆಯ ಶಾಲೆ ಸಿಕ್ಕುವುದು ಕಷ್ಟ. ಕಾರು ಹುಟ್ಟಿದ ಊರು ಬೇರೆ, ಅದಿರಲಿ: 2001ರಲ್ಲಿ ಬೆಂಗಳೂರಿನ ‘ರೇವಾ’ ಮಾರಾಟಕ್ಕೆ ಬಂದಾಗ ಅದರ ಓಟ 80 ಕಿಲೋಮೀಟರೆಂದು ಹೇಳುತ್ತಿದ್ದರು. ಲಂಡನ್ನಿನ ಬೀದಿಗಳಲ್ಲಿ ‘ಜಿ-ವಿಜ್’ ಎಂಬ ಹೆಸರಿನಿಂದ ಅದು ಓಡಾಡಿತು. ಪೇಟೆಯ ಓಡಾಟಕ್ಕೆಂದೇ ಮಾಡಿದ ಆ ಪುಟ್ಟ ಕಾರನ್ನು ಬಾಳೆಬರೆಗೆ ತರುವ ಸಾಹಸ ಸಂಸಾರಸ್ಥರಿಗೆ ಹೇಳಿದ್ದಲ್ಲ.

ಘಟ್ಟದ ಮೇಲಿನವರು ಒಂದು ಸಂಗತಿಯನ್ನು ಗಮನದಲ್ಲಿಡಬೇಕು. ರಾತ್ರಿಯೆಲ್ಲ ಪ್ಲಗ್ಗಿನಲ್ಲಿಟ್ಟು ಶೇಕಡಾ 100 ತುಂಬಿಸಿದ ಕಾರನ್ನು ಮುಂಜಾನೆ ಮಾಸ್ತಿಕಟ್ಟೆಯಿಂದ ಇಳಿಸಿದರೆ, ತುಂಬಿದ ಕೊಡಕ್ಕೆ ಇನ್ನಷ್ಟು ನೀರು ಸುರಿದಂತೆ. ಬರುವ ಶಕ್ತಿಗೆ ಒಳಗೆ ಜಾಗವಿಲ್ಲ. ಮೋಟಾರಿನ ತಡೆ ಆಗ ಎಂದಿನಂತೆ ಸಿಗದು. ಭಾರವೆಲ್ಲ ಚಕ್ರದ ಬ್ರೇಕಿನ ಮೇಲೆ ಬೀಳುತ್ತದೆ. ಶೇಕಡಾ 90ಕ್ಕೇ ಪ್ಲಗ್ಗು ಕಿತ್ತು ಹೊರಟವರು ಹೊಸಂಗಡಿಯನ್ನು ಮುಟ್ಟುವಾಗ ಮೀಟರು 93ನ್ನೋ 94ನ್ನೋ ತೋರಿಸುತ್ತಿರುತ್ತದೆ.